ಆರು ಪ್ರತಿಗಳ ದೂರು

ನಾನು ಕೊಟ್ಟ ದೂರಿನಲ್ಲಿ ಸಿಟ್ಟು ಎಂಬ ಮಾತು ಒಂದು ಸಲವೂ ಬಂದಿಲ್ಲ. ಮೂರೂವರೆ ಪುಟದ ದೂರು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಆತ ಏನು ಮಾಡಿದ, ಏನು ಹೇಳಿದ, ಆಗ ಅಲ್ಲಿ ಇನ್ಯಾರಿದ್ದರು, ಇಷ್ಟೇ. ಓದಿದವರಿಗೆ ಬರೆದವಳು ಬಹಳ ತಣ್ಣಗಿನ ಹೆಂಗಸು ಅನ್ನಿಸಬೇಕು. ಹಾಗೆ ಬರೆಯುವುದನ್ನು ಒಬ್ಬ ವಕೀಲೆ ನನಗೆ ಹೇಳಿಕೊಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಾನು ತಣ್ಣಗಿರಲಿಲ್ಲ, ಈಗಲೂ ಇಲ್ಲ. ಅಲ್ಲಿ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಹೊರಗೆ ಬರಬಾರದು ಎಂದು ಕಾನೂನು ಹೇಳುತ್ತದೆ, ನಾನದನ್ನು ಪಾಲಿಸುತ್ತೇನೆ. ಆತ ಪಾಲಿಸಲಿಲ್ಲ ಎನ್ನುವುದು ಬೇರೆ ಮಾತು.

ಶಿಕಾರಿಪುರದ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ತವರು ಹೊಸಬಾಳೆ, ಮದುವೆಯಾಗಿ ಬಂದದ್ದು ಸೊರಬಕ್ಕೆ. ಗಂಡನದು ಸೊರಬದಲ್ಲೇ ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ. ಬೆಳಿಗ್ಗೆ ಏಳಕ್ಕೆ ಮೊದಲೇ ಬಸ್ಸು ಹತ್ತಿದರೆ ಶಿರಾಳಕೊಪ್ಪ ಹಾಯ್ದು ಎಂಟರ ಹೊತ್ತಿಗೆ ಶಿಕಾರಿಪುರ ಮುಟ್ಟುತ್ತಿದ್ದೆ. ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರು ಆಗಲೇ ಬಾಗಿಲ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಅವರ ರಕ್ತ ತೆಗೆದು, "ಹೋಗಿ ತಿಂಡಿ ತಿಂದ್ಕೊಂಡು ಎರಡು ಗಂಟೆ ಬಿಟ್ಟು ಬನ್ನಿ" ಎಂದು ಕಳಿಸುವುದು ನನ್ನ ದಿನದ ಮೊದಲ ಕೆಲಸ. ಮಾಲೀಕರನ್ನು ಬಿಟ್ಟರೆ ನಾವು ಏಳು ಜನ. ನಾನು, ಇನ್ನೊಬ್ಬ ಟೆಕ್ನಿಷಿಯನ್, ಕೌಂಟರಿನಲ್ಲಿ ಕೂರುವ ಹುಡುಗಿ, ಹಳ್ಳಿಗಳಿಗೆ ಹೋಗಿ ಸ್ಯಾಂಪಲ್ ತರುವ ಮೂವರು, ನೆಲ ಒರೆಸಿ ಗಾಜು ತೊಳೆಯುವ ಆಯಾ.

ಆ ಇನ್ನೊಬ್ಬ ಟೆಕ್ನಿಷಿಯನ್ನನ ಕತೆಯೇ ಇದು. ಅವನು ನನ್ನ ಮೇಲಧಿಕಾರಿಯಲ್ಲ. ನಾನು ಓದಿದ್ದನ್ನೇ ಅವನೂ ಓದಿದ್ದ. ಅಲ್ಲಿಗೆ ನನಗಿಂತ ನಾಲ್ಕು ವರ್ಷ ಮೊದಲು ಸೇರಿದ್ದ, ಅಷ್ಟೇ. ಹೆಂಡತಿ ಮಕ್ಕಳಿದ್ದವನು. ಊರಲ್ಲಿ ಒಳ್ಳೆಯ ಹೆಸರು. ಎಲ್ಲಿ ರಕ್ತದಾನ ಶಿಬಿರ ನಡೆದರೂ ಮುಂದೆ ನಿಂತಿರುತ್ತಿದ್ದ.

ಶುರುವಾದದ್ದು ಹೊಗಳಿಕೆಯಿಂದ. "ಮೇಡಂ ಕೈ ಬಹಳ ಮೆತ್ತಗೆ. ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ ಅಂತಾರೆ ಜನ" ಎಂದ. ನಾನು ನಕ್ಕೆ. ಆ ನಗುವನ್ನು ಆಮೇಲೆ ಅವನು ನನ್ನ ಒಪ್ಪಿಗೆ ಎಂದು ಬರೆದುಕೊಟ್ಟ. ಒಬ್ಬ ಮನುಷ್ಯ ಒಳ್ಳೆಯ ಮಾತಾಡಿದಾಗ ನಗುವುದು ತಪ್ಪೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹೊಗಳಿಕೆ ನನ್ನ ಕೈಯಿಂದ ಬೇರೆ ಕಡೆಗೆ ಹೋಯಿತು. ಜಡೆ, ನಡಿಗೆ, ಏಪ್ರನ್ನು ಹಾಕಿದರೆ ಕಾಣದ ಸೀರೆ. ನಾನು ನಗುವುದನ್ನು ಬಿಟ್ಟೆ. ಅವನು ಹೇಳುವುದನ್ನು ಬಿಡಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವರಿಗೆ ಬೆನ್ನ ಹಿಂದೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು, ಅವನದೂ ಅದೇ ಕೆಲಸವಲ್ಲವೇ? ನಮ್ಮ ಮೇಜಿಗೂ ಹಿಂದಿನ ಫ್ರಿಜ್ಜಿಗೂ ನಡುವೆ ಒಬ್ಬರು ಅಡ್ಡಡ್ಡ ಹೋಗುವಷ್ಟೇ ಜಾಗ. ನಾನು ಕಣಗಳನ್ನು ಎಣಿಸುತ್ತ ಕುಳಿತಾಗಲೇ ಅವನಿಗೆ ಫ್ರಿಜ್ಜಿನಿಂದ ಏನೋ ಬೇಕಾಗುತ್ತಿತ್ತು. ಮೊದಮೊದಲು ಮೈ ತಾಗಿಸಿ ಹೋಗುತ್ತಿದ್ದ. ಆಮೇಲೆ ಹೋಗದೆ ಅಲ್ಲೇ ನಿಲ್ಲತೊಡಗಿದ. ಕತ್ತಿನ ಮೇಲೆ ಉಸಿರು ತಾಗುತ್ತಿತ್ತು. ನನ್ನ ಎಣಿಕೆ ತಪ್ಪುತ್ತಿತ್ತು. ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಯಾರದೋ ಜ್ವರದ ಮಗುವಿನ ರಕ್ತ ಅದು. ಅದನ್ನು ಮೂರು ಮೂರು ಸಲ ಎಣಿಸುತ್ತ, ಹಿಂದಿರುಗಿ ಅವನ ಕೆನ್ನೆಗೊಂದು ಬಿಡದೆ ಇದ್ದೆನಲ್ಲ, ಆ ನನ್ನ ಮೇಲೂ ನನಗೆ ಸಿಟ್ಟಿದೆ.

ಬಸ್ಸಿನಲ್ಲಿರುವಾಗ ಮೊಬೈಲಿಗೆ ಮೆಸೇಜು ಬರುತ್ತಿತ್ತು. "ಕಿಟಕಿ ಸೀಟು ಸಿಕ್ತಾ?" "ಪಕ್ಕದಲ್ಲಿ ಯಾರು ಕೂತಿದಾರೆ?" ಉತ್ತರ ಕೊಡದಿದ್ದರೆ, "ಇಷ್ಟು ಜಂಬ ಒಳ್ಳೇದಲ್ಲ." ಬಸ್ಟ್ಯಾಂಡಿನಲ್ಲಿ ಬೈಕು ನಿಲ್ಲಿಸಿಕೊಂಡು ಕಾದಿರುತ್ತಿದ್ದ. ನಾನು ಹತ್ತದೆ ನಡೆದರೆ ಪಕ್ಕದಲ್ಲೇ ನಿಧಾನಕ್ಕೆ ಓಡಿಸಿಕೊಂಡು ಬರುತ್ತಿದ್ದ. ನೋಡಿದವರಿಗೆ ನಾವಿಬ್ಬರೂ ಮಾತಾಡಿಕೊಂಡು ಹೋಗುತ್ತಿರುವಂತೆ ಕಾಣಬೇಕು, ಅವನಿಗೆ ಬೇಕಾದದ್ದೂ ಅದೇ.

ಒಂದು ದಿನ ಕೌಂಟರಿನ ಹುಡುಗಿಯ ಎದುರೇ ಹೇಳಿದೆ. "ನೋಡಿ, ನನಗೆ ಇದು ಹಿಡಿಸಲ್ಲ. ಕೆಲಸದ ಮಾತು ಬಿಟ್ಟು ನನ್ನ ಹತ್ತಿರ ಬೇರೆ ಮಾತು ಬೇಡ. ಮೆಸೇಜೂ ಬೇಡ."

ಅವನು ದೊಡ್ಡದಾಗಿ ನಕ್ಕ. "ಅಯ್ಯಯ್ಯೋ, ತಮಾಷೆ ಮಾಡಂಗೂ ಇಲ್ಲೇನ್ರೀ ನಿಮ್ಮ ಹತ್ರ?"

ಹುಡುಗಿ ತಲೆ ಬಗ್ಗಿಸಿ ರಸೀದಿ ಬರೆಯುತ್ತಿದ್ದಳು.

ಗಣಪತಿ ಹಬ್ಬ ಮುಗಿದ ವಾರದ ಮಾತು. ಪರೀಕ್ಷೆಗೆ ಬೇಕಾದ ದ್ರಾವಣಗಳನ್ನು ಇಡುವ ಸಣ್ಣ ಕೋಣೆಯೊಂದು ಹಿಂದುಗಡೆ ಇತ್ತು. ಹನ್ನೊಂದೂವರೆ ಸುಮಾರಿಗೆ ಒಂದು ಬಾಟಲಿ ತರಲು ಹೋದೆ. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. "ಎಷ್ಟು ದಿನ ಅಂತ ಆಟ ಆಡಿಸ್ತೀರಿ?" ಎಂದು ಮುಂದೆ ಬಂದು ಸೊಂಟಕ್ಕೆ ಕೈ ಹಾಕಿದ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೈಗೆ ಸಿಕ್ಕ ಟ್ಯೂಬ್ ಸ್ಟ್ಯಾಂಡಿನಿಂದ ಅವನ ಮೊಣಕೈಗೆ ಹೊಡೆದದ್ದು ನೆನಪಿದೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಆಯಾ ಬಂದಳು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಒರೆಸುವ ಕೋಲು. ಅವನ ಕೈ ಇನ್ನೂ ನನ್ನ ಸೊಂಟದ ಮೇಲೇ ಇತ್ತು. ಅವಳು ನೋಡಿದಳು. ಅವನು ಕೈ ತೆಗೆದು, "ಬಾಟಲಿ ಬೀಳ್ತಿತ್ತು, ಹಿಡಿದೆ" ಎಂದು ಹೊರಗೆ ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ಆಯಾಳ ಹತ್ತಿರ ಹೋಗಿ ಕುಳಿತೆ. ಐವತ್ತು ದಾಟಿದ ಹೆಂಗಸು, ಗಂಡನಿಲ್ಲ. "ನೀನು ನೋಡಿದ್ಯಲ್ಲ" ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಾ ಏನೂ ನೋಡಿಲ್ರೀ ಅಕ್ಕಾರ. ನನಗ ಕಣ್ಣು ಸರಿಯಾಗಿ ಕಾಣಂಗಿಲ್ಲ."

ಮಾರನೆಯ ದಿನ ಮಾಲೀಕರಿಗೆ ಹೇಳಿದೆ. ಎದುರು ಕೂರಿಸಿಕೊಂಡು ಕೇಳಿದರು, ತಲೆಯಾಡಿಸಿದರು. "ನೋಡಮ್ಮಾ, ನೀನು ಒಳ್ಳೆ ಮನೆತನದ ಹೆಣ್ಣುಮಗಳು. ನಾನು ಅವನಿಗೆ ಹೇಳ್ತೀನಿ. ದೀಪಾವಳಿ ಕಳೀಲಿ, ಕೂತು ಮಾತಾಡಿ ಸರಿ ಮಾಡಣ. ಈಗ ಸೀಸನ್ನು, ಊರೆಲ್ಲ ಡೆಂಗಿ. ಒಬ್ಬರನ್ನ ಬಿಟ್ಟರೂ ಲ್ಯಾಬು ನಡೆಯಲ್ಲ."

ಅವರ ಮಾತು ನಂಬಿದೆ. ಮಾಲೀಕರು ಕೆಟ್ಟವರಲ್ಲ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಕೆಟ್ಟವನಿಗೆ ಕುರ್ಚಿ ಹಾಕಿ ಕೂರಿಸುವವರು ಹೆಚ್ಚಾಗಿ ಇಂಥ ಒಳ್ಳೆಯವರೇ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅಂಗಡಿಯಿಂದ ಬಂದು ಕೈಯ ಗ್ರೀಸು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ಪೂರಾ ಕೇಳಿದರು. ಮುಖ ಕಪ್ಪಿಟ್ಟಿತು. "ನಾಳೆಯಿಂದ ಹೋಗೋದು ಬ್ಯಾಡ. ಕೆಲಸ ಬಿಟ್ಬಿಡು. ನಂಗೆ ದುಡಿಯಾಕೆ ಬರದಿಲ್ಲನಾ?" ಎಂದರು. ಒಳಗಿನಿಂದ ಮೈದುನ ಬಂದ. "ಅತ್ತಿಗೆ, ಅಂವ ಎಲ್ಲಿರ್ತಾನೆ ಹೇಳಿ. ನಾನು ನಾಕು ಜನಾನ ಕರ್ಕಂಡ್ ಹೋಗಿ ಕೈ ಮುರುದು ಬರ್ತೀನಿ" ಎಂದ.

ಇಬ್ಬರೂ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಂದು ನನಗೆ ಆ ಲ್ಯಾಬಿನವನ ಮೇಲೆ ಬಂದಷ್ಟೇ ಸಿಟ್ಟು ಇವರಿಬ್ಬರ ಮೇಲೂ ಬಂತು. ತಪ್ಪು ಮಾಡಿದವನು ನಾಳೆಯೂ ಎಂದಿನಂತೆ ಕೆಲಸಕ್ಕೆ ಹೋಗುತ್ತಾನೆ, ನಾನು ಮನೆಯಲ್ಲಿ ಕೂರಬೇಕು. ಇಲ್ಲವಾದರೆ ನನ್ನ ಹೆಸರಿನಲ್ಲಿ ಬೀದಿಯಲ್ಲಿ ಹೊಡೆದಾಟ ನಡೆದು, ಅವನು ಕಟ್ಟು ಹಾಕಿಸಿಕೊಂಡು ಪಾಪದವನಾಗಬೇಕು, ಮೈದುನ ಠಾಣೆಗೆ ಹೋಗಬೇಕು. ನಿನಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ.

"ನಾನ್ಯಾಕೆ ಕೆಲಸ ಬಿಡ್ಲಿ? ನಾನು ಎಂತ ಮಾಡೀನಿ?" ಎಂದೆ. ಧ್ವನಿ ಏರಿತ್ತು. ಪಕ್ಕದ ಮನೆಯವರು ಟಿವಿ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. ಗಂಡ ಮತ್ತೆ ನಲ್ಲಿ ತಿರುಗಿಸಿದರು. ಆಗಲೇ ತೊಳೆದು ಸ್ವಚ್ಛವಾಗಿದ್ದ ಕೈಯನ್ನೇ ಮತ್ತೆ ತೊಳೆಯುತ್ತ ನಿಂತರು.

ಲ್ಯಾಬಿನಲ್ಲಿ ಅವನು ಮೈ ತಾಗಿಸುವುದನ್ನು ನಿಲ್ಲಿಸಿದ. ಮಾಲೀಕರು ಹೇಳಿದ್ದರಿಂದ ನಿಂತಿತೆಂದು ನಾನು ಸಮಾಧಾನ ಪಟ್ಟುಕೊಂಡೆ. ಅವನು ಬೇರೆ ದಾರಿ ಹುಡುಕಿಕೊಂಡಿದ್ದ. ನಾನು ಹಚ್ಚಿಟ್ಟ ಮಷೀನು ಆರಿರುತ್ತಿತ್ತು. ತೆಗೆದಿಟ್ಟ ಸ್ಲೈಡು ತೊಳೆಯುವ ಬೋಗುಣಿಯಲ್ಲಿ ಇರುತ್ತಿತ್ತು. ಬಂದವರ ಎದುರು, "ಮೇಡಂ ಮನಸ್ಸು ಈಗ ಕೆಲಸದ ಮೇಲಿಲ್ಲ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಬಳ್ಳಿಗಾವಿಯ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು, ಮಗನ ಜೊತೆ. ನಾನೇ ರಕ್ತ ತೆಗೆದೆ. ಸಂಜೆ ವರದಿ ಹೋಯಿತು, ಸಕ್ಕರೆ ಮುನ್ನೂರರ ಮೇಲೆ. ನಾಲ್ಕನೆಯ ದಿನ ಮಗ ಅವರನ್ನು ಮತ್ತೆ ಕರೆತಂದ. ಅಜ್ಜಿ ಗೋಡೆ ಹಿಡಿದು ನಡೆಯುತ್ತಿದ್ದರು. ವರದಿ ಕೇಳಿ ಹೆದರಿ ಅನ್ನ ಬಿಟ್ಟು, ಬರೀ ಮೆಂತ್ಯದ ನೀರು ಕುಡಿದುಕೊಂಡು ಇದ್ದರಂತೆ. ಮತ್ತೆ ರಕ್ತ ತೆಗೆದು ನೋಡಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಆ ದಿನದ ಟ್ಯೂಬುಗಳನ್ನು ಫ್ರಿಜ್ಜಿನಿಂದ ತೆಗೆದು ನೋಡಿದೆ. ನಾನು ಚೀಟಿಯನ್ನು ಟ್ಯೂಬಿನ ಉದ್ದಕ್ಕೆ ನೇರವಾಗಿ ಅಂಟಿಸುತ್ತೇನೆ, ಯಾವಾಗಲೂ. ಅಜ್ಜಿಯ ಟ್ಯೂಬಿನ ಮೇಲೆ ಮತ್ತು ಇನ್ನೊಂದು ಟ್ಯೂಬಿನ ಮೇಲೆ ನನ್ನದೇ ಅಕ್ಷರದ ಚೀಟಿ, ಕಿತ್ತು ಅಡ್ಡಲಾಗಿ ಮತ್ತೆ ಅಂಟಿಸಿದ್ದು. ಆ ಬೆಳಿಗ್ಗೆ ಆ ಕೋಣೆಯಲ್ಲಿ ಇದ್ದದ್ದು ನಾನು ಮತ್ತು ಅವನು, ಇಬ್ಬರೇ.

ಅಂದರೆ, ಚೀಟಿಗಳು ಅದಲುಬದಲಾಗಿದ್ದವು. ಆ ಇನ್ನೊಂದು ಟ್ಯೂಬಿನವರು ತಮಗೆ ಏನೂ ಇಲ್ಲವೆಂದು ನಾಲ್ಕು ದಿನ ನೆಮ್ಮದಿಯಿಂದ ಸಿಹಿ ತಿನ್ನುತ್ತಿದ್ದರು. ಅವರಿಗೆ ಫೋನು ಮಾಡಿ ಕರೆಸಿದೆ. ಅಜ್ಜಿಗೆ ಕೌಂಟರಿನ ಪಕ್ಕ ಕೂರಿಸಿ ಹೋಟೆಲಿನಿಂದ ಇಡ್ಲಿ ತರಿಸಿಕೊಟ್ಟೆ. ಅವರು ನನ್ನ ಕೈ ಹಿಡಿದು, "ತಪ್ಪು ಎಲ್ಲರಿಂದಲೂ ಆಗತೈತವ್ವ, ಅಳಬ್ಯಾಡ" ಎಂದರು. ನಾನು ಅಳುತ್ತಿರುವುದು ಆಗಲೇ ನನಗೆ ಗೊತ್ತಾದದ್ದು. ನನ್ನ ಮೈ ಮುಟ್ಟಿದಾಗ ಬಂದ ಸಿಟ್ಟು ಒಂದು ತರಹ. ಇದು ಬೇರೆ. ನನ್ನ ಮೇಲಿನ ಹಗೆಗೆ ಒಬ್ಬ ಮುದುಕಿಯ ರಕ್ತವನ್ನು ಬಳಸಿಕೊಂಡಿದ್ದ.

ಮಾಲೀಕರ ಕೋಣೆಗೆ ಹೋಗಿ ಎರಡೂ ಟ್ಯೂಬನ್ನು ಮೇಜಿನ ಮೇಲಿಟ್ಟೆ. ಅವರು ಅವುಗಳನ್ನು ಮುಟ್ಟಿಯೂ ನೋಡಲಿಲ್ಲ. "ನಿನ್ನ ಅಕ್ಷರ, ನಿನ್ನ ಸ್ಯಾಂಪಲ್ಲು. ಅವನ ಮೇಲಿನ ಸಿಟ್ಟಿಗೆ ನಿನ್ನ ತಪ್ಪನ್ನ ಅವನ ತಲೆಗೆ ಕಟ್ಟಬ್ಯಾಡ" ಎಂದರು. ದೀಪಾವಳಿ ಕಳೆದು ಮೂರು ವಾರ ದಾಟಿತ್ತು. ಕೂತು ಮಾತಾಡುವುದು ಯಾವಾಗ ಎಂದು ಕೇಳಿದೆ. "ಹೊಸ ವರ್ಷ ಬರ್ಲಿ" ಎಂದರು. ದೂರು ಕೊಡುತ್ತೇನೆ, ಇದಕ್ಕೆ ಸಮಿತಿ ಇರಬೇಕಂತಲ್ಲ ಎಂದೆ. ಅವರು ನಕ್ಕರು. "ಸಮಿತಿ ಎಲ್ಲಾ ಹತ್ತು ಜನಕ್ಕಿಂತ ಜಾಸ್ತಿ ಇರೋ ಕಡೆಗಮ್ಮ. ನಾವು ಏಳು ಮಂದಿ. ನಮಗೆ ಆ ಕಾನೂನು ಬರಲ್ಲ. ನಾನೂ ವಿಚಾರಿಸೀನಿ."

ನಾನೂ ವಿಚಾರಿಸೀನಿ! ದೀಪಾವಳಿ ಕಳೀಲಿ ಎಂದು ನನ್ನನ್ನು ಕೂರಿಸಿದ ಮನುಷ್ಯ, ಅಷ್ಟರಲ್ಲಿ ಹೋಗಿ ತನಗೆ ಕಾನೂನು ಬರುತ್ತದೋ ಇಲ್ಲವೋ ಎಂದು ಕೇಳಿಕೊಂಡು ಬಂದಿದ್ದರು.

ಅಂದು ಸಂಜೆ ಸೊರಬದಲ್ಲಿ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಒಂದು ಪುಸ್ತಕದಂಗಡಿಯ ಮಹಡಿಯ ಮೇಲೆ ಒಬ್ಬ ವಕೀಲೆಯ ಕಚೇರಿ ಇತ್ತು. ಅವರ ಪಂಪ್‌ಸೆಟ್ಟನ್ನು ನನ್ನ ಗಂಡ ರಿಪೇರಿ ಮಾಡಿದ್ದರು, ಅಷ್ಟೇ ಪರಿಚಯ. ನರೆತ ಕೂದಲು, ದಪ್ಪ ಕನ್ನಡಕ. ನಾನು ಹೇಳಿದ್ದೆಲ್ಲ ಕೇಳಿದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ: "ಆ ಕೋಣೇಲಿ ನಡೆದದ್ದು ಯಾವತ್ತು?"

ಹೇಳಿದೆ. ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿ ಬೆರಳಿಟ್ಟು ಎಣಿಸಿದರು. "ಎರಡು ತಿಂಗಳು ಹದಿನೆಂಟು ದಿನ. ಮೂರು ತಿಂಗಳ ಒಳಗೆ ದೂರು ಕೊಡಬೇಕು. ಹನ್ನೆರಡು ದಿನ ಉಳಿದದೆ. ಸರಿಯಾದ ಕಾರಣ ಇದ್ರೆ ಇನ್ನೂ ಮೂರು ತಿಂಗಳು ಕೊಡಬಹುದು. ಆದ್ರೆ ಅದನ್ನ ನಂಬ್ಕಂಡು ಕೂರೋದು ಬ್ಯಾಡ."

ದೀಪಾವಳಿ, ಹೊಸ ವರ್ಷ ಎಂದು ಹೇಳುತ್ತ ಮಾಲೀಕರು ಕಳೆದದ್ದು ನನ್ನ ದಿನಗಳನ್ನು.

"ಆದ್ರೆ ನಾವು ಏಳೇ ಜನ ಇರೋದು ಮೇಡಂ. ಕಾನೂನು ಬರಲ್ಲ ಅಂತಾರೆ."

"ಹಂಗಂದ್ರಾ?" ಎಂದು ಕನ್ನಡಕ ತೆಗೆದರು. "ಹತ್ತು ಜನ ಇದ್ರೆ ಕಂಪನಿಯೊಳಗೇ ಸಮಿತಿ ಮಾಡಬೇಕು. ಕಡಿಮೆ ಇದ್ರೆ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇರ್ತದೆ, ಅಲ್ಲಿಗೆ ಕೊಡಬೇಕು. ಮಾಲೀಕನ ಮೇಲೇ ದೂರು ಇದ್ರೂ ಅಲ್ಲಿಗೇ. ಮನೆಗೆಲಸದವರಿಗೂ ಅದೇ. ಕಾನೂನು ಬರದೇ ಇರೋ ಜಾಗ ಇಲ್ಲ ಕಣಮ್ಮ. ಗೊತ್ತಿಲ್ಲದೇ ಇರೋ ಜನ ಇದಾರೆ ಅಷ್ಟೆ."

ಪೊಲೀಸರ ವಿಷಯವನ್ನೂ ಅವರೇ ತೆಗೆದರು. ಮೈ ಮುಟ್ಟಿದ್ದು, ಬೇಡವೆಂದರೂ ಹಿಂದೆ ಬಿದ್ದದ್ದು, ಎರಡೂ ಅಪರಾಧ. ಠಾಣೆಗೂ ಹೋಗಬಹುದು, ಸಮಿತಿಗೂ ಹೋಗಬಹುದು, ಒಂದಕ್ಕೆ ಹೋದರೆ ಇನ್ನೊಂದು ಬಾಗಿಲು ಮುಚ್ಚುವುದಿಲ್ಲ. "ಯಾವುದು ಬೇಕು ಅನ್ನೋದು ನಿನ್ನ ಇಷ್ಟ. ನಿನಗೆ ಏನು ಬೇಕು?"

ಎರಡೂವರೆ ತಿಂಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲನೆಯವರು ಅವರು. ಹೇಳಿದೆ. "ಅವನು ಆ ಜಾಗ ಬಿಡಬೇಕು. ನಾನಲ್ಲ."

"ಹಂಗಾದ್ರೆ ಮೊದಲು ಸಮಿತಿ" ಎಂದರು.

ಮೂರು ಸಲ ಬರೆಸಿದರು. ಮೊದಲ ಸಲ ನಾನು ಬರೆದದ್ದರಲ್ಲಿ ನೀಚ, ಲಂಪಟ, ಮನುಷ್ಯನೇ ಅಲ್ಲ ಎಂದೆಲ್ಲ ಇತ್ತು. ಅವರು ಕೆಂಪು ಪೆನ್ನಿನಿಂದ ಅವನ್ನೆಲ್ಲ ಹೊಡೆದುಹಾಕಿದರು. "ಬೈಯೋದು ಬ್ಯಾಡ. ನಡೆದದ್ದು ಬರಿ. ಅವನು ನೀಚ ಅಂತ ಓದಿದವರು ಹೇಳ್ಲಿ." ಮೆಸೇಜುಗಳನ್ನು ಅಳಿಸದೆ ಇಟ್ಟದ್ದಕ್ಕೆ ಮಾತ್ರ ಬೆನ್ನು ತಟ್ಟಿದರು. ಎಲ್ಲವನ್ನೂ ಪ್ರಿಂಟು ತೆಗೆಸಿದೆ. ದೂರು ಆರು ಪ್ರತಿ ಬೇಕು, ಸಾಕ್ಷಿಗಳ ಹೆಸರು ಬೇಕು. ಆಯಾಳ ಹೆಸರು ಬರೆಯುವಾಗ ಕೈ ನಿಂತಿತು. ನೋಡಿಲ್ಲ ಎಂದವಳು. ಬರೆದೆ. ಹಾಗೆ ಬರೆಯುವ ಹಕ್ಕು ನನಗಿತ್ತೇ ಎಂದು ಆಮೇಲೆ ಬಹಳ ದಿನ ಯೋಚಿಸಿದ್ದೇನೆ.

ಮನೆಯಲ್ಲಿ ಆರು ಪ್ರತಿಗಳನ್ನು ಪಿನ್ನು ಹೊಡೆದು ಜೋಡಿಸುತ್ತಿದ್ದಾಗ ಗಂಡ ಒಂದನ್ನು ತೆಗೆದುಕೊಂಡು ಓದಿದರು. ನಾನು ಅವರಿಗೆ ಬಾಯಲ್ಲಿ ಹೇಳಿದ್ದು ಕೋಣೆಯ ವಿಷಯ ಮಾತ್ರ. ಬಸ್ಟ್ಯಾಂಡು, ಮೈಕ್ರೋಸ್ಕೋಪು, ಕತ್ತಿನ ಮೇಲಿನ ಉಸಿರು, ಇದೆಲ್ಲ ಮೊದಲ ಸಲ ಓದಿದ್ದು. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ತಿರುವಿದರು. "ಇಷ್ಟೆಲ್ಲ ಆಗಿತ್ತನಾ?" ಎಂದರು. ಮತ್ತೆ ಕೆಲಸ ಬಿಡು ಎನ್ನಲಿಲ್ಲ. ಪಿನ್ನು ಹೊಡೆಯುವ ಮಷೀನು ತೆಗೆದುಕೊಂಡು ಉಳಿದ ಪ್ರತಿಗಳನ್ನು ತಾವೇ ಜೋಡಿಸಿದರು.

ತಾಲ್ಲೂಕಿನಲ್ಲಿ ಇಂಥ ದೂರು ತೆಗೆದುಕೊಳ್ಳಲು ಒಬ್ಬ ಅಧಿಕಾರಿ ಇರುತ್ತಾರೆ. ಅವರು ತೆಗೆದುಕೊಂಡು, ಮುದ್ರೆ ಒತ್ತಿದ ಸ್ವೀಕೃತಿ ಕೊಟ್ಟು, ವಾರದೊಳಗೆ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಂದ ಅವನಿಗೆ ಒಂದು ಪ್ರತಿ ಹೋಯಿತು. ಅದು ಬಂದ ದಿನ ಮಾಲೀಕರು ನನ್ನನ್ನು ಕರೆದರು. ಈ ಸಲ ಕುರ್ಚಿ ತೋರಿಸಲಿಲ್ಲ.

"ಮನೆ ವಿಷಯಾನ ಜಿಲ್ಲೆಗೆ ತಗೊಂಡು ಹೋದಿ. ರಾಜಿ ಮಾಡ್ಕೋ. ಅವನು ಕ್ಷಮೆ ಕೇಳ್ತಾನೆ. ವಾಪಸ್ ತಗೋ."

"ರಾಜಿ ನಾನು ಕೇಳಿದ್ರೆ ಮಾತ್ರ ಸರ್. ನಾನು ಕೇಳಿಲ್ಲ." ವಕೀಲೆ ಹೇಳಿಕೊಟ್ಟ ಮಾತು.

ವಿಚಾರಣೆ ಮುಗಿಯುವವರೆಗೆ ರಜೆ ಬೇಕಿದ್ದರೆ ಕೊಡಿಸಬಹುದು ಎಂದು ಸಮಿತಿಯವರು ಕೇಳಿದರು. ಬೇಡ ಎಂದೆ, ಅವನನ್ನೇ ಆ ಕೋಣೆಯಿಂದ ಹೊರಗಿಡಿ ಎಂದು ಬರೆದುಕೊಟ್ಟೆ. ಹಾಗೇ ಆಯಿತು. ಅವನನ್ನು ಹಳ್ಳಿಗಳಿಂದ ಸ್ಯಾಂಪಲ್ ತರುವ ಕೆಲಸಕ್ಕೆ ಹಾಕಿದರು. ಹೋದ ಹಳ್ಳಿಯಲ್ಲೆಲ್ಲ ಅವನು ನನ್ನ ಕತೆ ಹೇಳಿದ. ಅವಳೇ ನನ್ನ ಹಿಂದೆ ಬಿದ್ದಿದ್ದಳು, ನಾನು ಒಪ್ಪಲಿಲ್ಲ, ಅದಕ್ಕೆ ಹೀಗೆ ಮಾಡಿದಳು ಎಂದು. ರಕ್ತ ಕೊಡಲು ತೋಳು ಚಾಚಿದ ಹೆಂಗಸರು ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದರು. ಒಬ್ಬಾಕೆಯಂತೂ, "ನೀವೇನ್ರೀ ಆ ಮೇಡಂ?" ಎಂದು ಕೇಳಿಯೇಬಿಟ್ಟಳು. "ಹೌದ್ರೀ, ನಾನೇ. ಮುಷ್ಟಿ ಹಿಡೀರಿ" ಎಂದು ಸೂಜಿ ಹಾಕಿದೆ.

ವಿಚಾರಣೆಯ ದಿನ ಶಿವಮೊಗ್ಗಕ್ಕೆ ಗಂಡನೂ ಬಂದರು. ಒಳಗೆ ಬಿಡುವುದಿಲ್ಲವಾದ್ದರಿಂದ ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಉದ್ದ ಮೇಜು, ಎದುರಿಗೆ ಸಮಿತಿಯ ಹೆಂಗಸರು, ಒಬ್ಬ ಗಂಡಸು. ಅವನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದಿದ್ದ. ಎಲ್ಲದಕ್ಕೂ ಅವನ ಹತ್ತಿರ ಉತ್ತರವಿತ್ತು. ಮೆಸೇಜು ತಮಾಷೆಗೆ ಕಳಿಸಿದ್ದು. ಬೈಕು ಸಹಾಯಕ್ಕೆ. ಕೋಣೆಯಲ್ಲಿ ಬಾಟಲಿ ಬೀಳುತ್ತಿತ್ತು. "ಅವರು ನಗ್ತಾ ಇದ್ದರು ಮೇಡಂ, ಅವರಿಗೂ ಇಷ್ಟ ಇತ್ತು." ಕೌಂಟರಿನ ಹುಡುಗಿ ತನಗೇನೂ ಗೊತ್ತಿಲ್ಲವೆಂದು ಬರೆದುಕೊಟ್ಟಿದ್ದಳು. ಆಯಾಳಿಗೆ ಸಾಕ್ಷಿ ಹೇಳಲು ಬಾ ಎಂದು ಸಮಿತಿಯ ಕಾಗದ ಹೋಗಿತ್ತು, ಅವಳು ಬರುತ್ತಾಳೆಂಬ ಆಸೆ ನನಗಿರಲಿಲ್ಲ.

ಬಂದಳು. ತಾನೇ ಬೇರೆ ಬಸ್ಸು ಹಿಡಿದು, ಕೇಳಿಕೊಂಡು, ತಡವಾಗಿ. ನನ್ನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ಕೂರಿ ಎಂದರೂ ಕೂರಲಿಲ್ಲ.

"ನಾ ಬಾಗ್ಲ ತಗದೆ. ಇವನ ಕೈ ಅಕ್ಕಾರ ಸೊಂಟದ ಮ್ಯಾಲಿತ್ತು. ಬಾಟ್ಲಿ ಕಪಾಟಿನಾಗ ಇತ್ತು, ಕೆಳಗ ಬೀಳಂಗ ಇರಲಿಲ್ಲ" ಎಂದಳು.

"ಮತ್ತೇನಾದರೂ ಹೇಳೋದಿದೆಯೇ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ರೀ. ಇಷ್ಟ."

ಮೂರು ತಿಂಗಳೊಳಗೆ ತೀರ್ಮಾನ ಬಂತು. ಮೆಸೇಜು, ಹಿಂಬಾಲಿಸಿದ್ದು, ಕೋಣೆಯಲ್ಲಿ ಮೈ ಮುಟ್ಟಿದ್ದು ಸಾಬೀತಾಗಿದೆ, ಕೆಲಸದಿಂದ ತೆಗೆಯಬೇಕು, ಲಿಖಿತ ಕ್ಷಮೆ ಕೇಳಬೇಕು ಎಂದು. ಟ್ಯೂಬಿನ ಚೀಟಿ ಬದಲಾಯಿಸಿದ್ದಕ್ಕೆ ಸಾಕಷ್ಟು ಪುರಾವೆ ಇಲ್ಲ. ಆ ಸಾಲನ್ನು ಎಷ್ಟು ಸಲ ಓದಿದ್ದೇನೋ! ಸಮಿತಿಯನ್ನು ದೂರುವುದಿಲ್ಲ. ಪುರಾವೆ ನಿಜಕ್ಕೂ ಇರಲಿಲ್ಲ, ಅಡ್ಡಡ್ಡ ಅಂಟಿಸಿದ ಎರಡು ಚೀಟಿ ಪುರಾವೆಯಾಗುವುದಿಲ್ಲ. ಆದರೆ ನನಗೆ ಅತಿ ಹೆಚ್ಚು ಉರಿದದ್ದು ಯಾವುದಕ್ಕೋ ಅದೇ ಕಾಗದದ ಹೊರಗೆ ಉಳಿಯಿತು. ಕ್ಷಮಾಪಣೆಯ ಪತ್ರ ಬಂತು, ನಾಲ್ಕು ಸಾಲು. "ನನ್ನ ನಡವಳಿಕೆಯಿಂದ ತಮಗೆ ನೋವಾಗಿದ್ದಲ್ಲಿ" ಎಂದು. ಆಗಿದ್ದಲ್ಲಿ!

ಅವನು ಹೋದ. ನಾನು ಮೈಕ್ರೋಸ್ಕೋಪಿನ ಮುಂದೆ ಕುಳಿತು ಒಂದೇ ಸಲಕ್ಕೆ ಎಣಿಸಿ ಮುಗಿಸತೊಡಗಿದೆ. ಗೆದ್ದೆ ಎಂದುಕೊಂಡಿದ್ದೆ. ಐದು ವಾರವಾದ ಮೇಲೆ ಒಂದು ಸೋಮವಾರ ಬಂದಾಗ ನೆಲ ಒರೆಸುತ್ತಿದ್ದವಳು ಬೇರೆ ಹೆಂಗಸು. ಆಯಾ ಎಲ್ಲಿ ಎಂದು ಕೇಳಿದರೆ ಮಾಲೀಕರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ವಯಸ್ಸಾತಲ್ಲ, ಕಣ್ಣು ಕಾಣಲ್ಲ ಅಂತಿದ್ದಳು" ಎಂದರು.

ಕಣ್ಣು ಕಾಣದವಳು ಶಿವಮೊಗ್ಗಕ್ಕೆ ಹೋಗಿ ಕಂಡದ್ದನ್ನು ಹೇಳಿ ಬಂದದ್ದಕ್ಕೆ ಸಿಕ್ಕ ಫಲ. ದೂರು ಕೊಟ್ಟವಳು ನಾನು. ನನ್ನನ್ನು ಮುಟ್ಟಲು ಅವರಿಗೆ ಈಗ ಧೈರ್ಯವಿಲ್ಲ, ನನ್ನ ಬಳಿ ವಕೀಲೆಯಿದ್ದಾರೆ, ಮುದ್ರೆಯ ಕಾಗದವಿದೆ. ಹೊಡೆತ ಬಿದ್ದದ್ದು ಬಕೆಟ್ಟು ಹಿಡಿದವಳ ಮೇಲೆ. ಅಂದು ನಾನು ಮಾಲೀಕರ ಎದುರು ಆಡಿದ ಮಾತುಗಳನ್ನು ಇಲ್ಲಿಯೂ ಬರೆಯಲಾರೆ. ಹೊರಗೆ ಕಾದಿದ್ದವರೆಲ್ಲ ಎದ್ದು ನಿಂತಿದ್ದರಂತೆ. ತಿಂಗಳ ನೋಟಿಸು ಬರೆದು ಮೇಜಿನ ಮೇಲಿಟ್ಟೆ. ಬಿಡು ಎಂದಾಗ ಬಿಡಲಿಲ್ಲ, ಬಿಡಬೇಕೆನ್ನಿಸಿದಾಗ ಬಿಟ್ಟೆ.

ಮರುದಿನ ಆಯಾಳ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತ ಕುಳಿತಿದ್ದಳು. "ನನ್ನಿಂದ ಹೀಗಾಯ್ತು" ಎಂದೆ.

"ನಿಮ್ಮ ಸಲುವಾಗಿ ಹೇಳಿದ್ದಲ್ರೀ ಅದು" ಎಂದಳು, ತೆನೆಯಿಂದ ಕೈ ತೆಗೆಯದೆ. "ನಿಮಗಿಂತ ಮೊದಲು ಒಂದು ಹುಡುಗಿ ಇತ್ತು. ಸಣ್ಣದು, ಆಗಷ್ಟೇ ಕಾಲೇಜು ಮುಗಿಸಿ ಬಂದಿತ್ತು. ಒಂದೂವರೆ ತಿಂಗಳಿಗೆ ಬಿಟ್ಟು ಹೋತು. ಆಗೂ ಅದೇ ಕೋಣಿ, ಆಗೂ ನಾನೇ ಬಾಗ್ಲ ತಗದಿದ್ದೆ. ಅದು ನನ್ನ ಮುಖ ನೋಡ್ತು, ನಾ ನೆಲ ನೋಡಿದೆ. ಕಾಗದ ಬಂದ ಮ್ಯಾಲೆ ಎಂಟು ದಿನ ನಿದ್ದಿ ಇಲ್ರೀ ನನಗ."

ಮಾಲೀಕರಿಗೆ ಆ ಹುಡುಗಿಯ ವಿಷಯ ಗೊತ್ತಿತ್ತೇ ಎಂದು ಕೇಳಿದೆ. "ಗೊತ್ತಿರದ ಏನು? ದೀಪಾವಳಿ ಕಳೀಲಿ ಅಂದಿದ್ರು" ಎಂದಳು.

ಸರಿಯಾದ ಕಾರಣವಿಲ್ಲದೆ ತೆಗೆದದ್ದರ ಮೇಲೆ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಕೊಡಬಹುದೆಂದು ವಕೀಲೆ ಹೇಳಿದ್ದರು. ನಾನು ಅದನ್ನು ಹೇಳಿ, ಈ ಸಲ ಮೊದಲು ಕೇಳಿದೆ, ನಿನಗೆ ಏನು ಬೇಕು ಎಂದು. ಅವಳು ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟಳು. "ಆ ನೆಲ ಇನ್ನ ನಾ ಒರಸಂಗಿಲ್ಲ. ಆದ್ರ ಕಣ್ಣು ಕಾಣಂಗಿಲ್ಲ ಅಂತ ತಗದ್ವಿ ಅಂದಾರಲ್ಲ, ಅದು ಸುಳ್ಳು ಅಂತ ಅವರ ಕೈಲೇ ಬರಸಬೇಕು."

ಅರ್ಜಿ ಕೊಟ್ಟೆವು. ಮಾಲೀಕರನ್ನು ಎರಡು ಸಲ ಕರೆಸಿದರು. ಎರಡನೆಯ ಸಲ ಬರೆದುಕೊಟ್ಟರು, ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ ಎಂದು, ಸಹಿ ಹಾಕಿ, ಲ್ಯಾಬಿನ ಮುದ್ರೆ ಒತ್ತಿ. ಅವಳು ಅದನ್ನು ತೋರಿಸಿ ಸೇರಿಕೊಂಡು ಈಗ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ನಾನು ಸೊರಬದ ಒಂದು ಲ್ಯಾಬಿಗೆ ಸೇರಿದ್ದೇನೆ. ಅಲ್ಲಿ ಸೇರುವ ಮೊದಲ ದಿನವೇ, ಇಲ್ಲಿ ದೂರು ಯಾರಿಗೆ ಕೊಡಬೇಕು ಎಂದು ಕೇಳಿದೆ. ಅವರಿಗೆ ಗಾಬರಿಯಾಯಿತು. ಆಗಲಿ.

ಅವನು ಬೇರೆ ತಾಲ್ಲೂಕಿನಲ್ಲಿ ಮತ್ತೆ ಯಾವುದೋ ಲ್ಯಾಬಿನಲ್ಲಿ ಇದ್ದಾನೆಂದು ಕೇಳಿದ್ದೇನೆ. ಅಲ್ಲಿಯೂ ಮೈಕ್ರೋಸ್ಕೋಪು ಇರುತ್ತದೆ, ಅದರ ಮುಂದೆ ಯಾರೋ ಒಬ್ಬಳು ಕುಳಿತಿರುತ್ತಾಳೆ. ಅವಳು ಯಾರೆಂದು ನನಗೆ ಗೊತ್ತಿಲ್ಲ. ಆ ಮೊದಲ ಹುಡುಗಿ ಎಲ್ಲಿದ್ದಾಳೆಂದೂ ಗೊತ್ತಿಲ್ಲ, ಆಯಾಳಿಗೆ ಅವಳ ಊರಿನ ಹೆಸರೂ ನೆನಪಿಲ್ಲ.